ಬೂದಿಗುಡ್ಡದ ತಪಾಸಣೆ

“ಎಲ್ಲಿದೆ ವಾಸನೆ? ನಿಮ್ ಮೈ ನಾತಾನೇ ಇರ್ಬೇಕು. ಮೊದ್ಲು ಸ್ನಾನ ಮಾಡೋದ್ ಕಲೀರಿ!”

ಪರಿಸರ ಇಲಾಖೆಯ ಸಾಹೇಬರು ಹೀಗೆಂದಾಗ ನಮ್ಮ ಧಣಿ ಹೊಟ್ಟೆ ಕುಣಿಸಿಕೊಂಡು ನಕ್ಕ. ನಾವು ಹೆಂಗಸರು ಬೂದಿಗುಡ್ಡದ ಪಕ್ಕ ಜರಡಿ ಹಿಡಿದು ಕೂತಿದ್ದೆವು. ಹಳೇ ಪಾತ್ರೆ, ಜನ ಕುಡಿದು ಬಿಸಾಡಿದ ಡಬ್ಬಿ, ಊರಿನ ಅಲ್ಯೂಮಿನಿಯಂ ಎಲ್ಲ ಧಣಿಯ ಕುಲುಮೆಯಲ್ಲಿ ಕರಗುತ್ತದೆ. ಮೇಲೆ ಕಟ್ಟುವ ಬೂದಿಯಂಥ ಕಿಟ್ಟವನ್ನು ಬಾಚಿ ತಂದು ನಮ್ಮ ಗುಡಿಸಲುಗಳ ಹಿಂದೆ ಸುರಿಯುತ್ತಾರೆ. ಅದರಲ್ಲಿ ಉಳಿದ ಲೋಹದ ಚೂರು ಹೆಕ್ಕುವುದು ನಮ್ಮ ಕೆಲಸ. ಚೂರು ಧಣಿಗೆ, ಬೂದಿ ನಮಗೆ. ಎಂಥ ನ್ಯಾಯ ನೋಡಿ!

ಒಣಗಿದ್ದಾಗ ಈ ಬೂದಿ ಬಲು ಸಾಧು. ನೀರು ಬಿತ್ತೋ, ಬುಸುಗುಟ್ಟಿ ಕಾದು ಘಾಟೆಬ್ಬಿಸುತ್ತದೆ. ಮಳೆ ಬಂದ ದಿನ ನನ್ನ ಎಳೆಯ ಮಗಳು ಉಸಿರು ಸಿಕ್ಕದೆ ನೀಲಿಗಟ್ಟುತ್ತಾಳೆ. ಆಗ ಫೋನ್ ಮಾಡಿದರೆ ಸಾಹೇಬರು, “ಮಳೆ ನಿಲ್ಲಲಮ್ಮಾ, ಬರ್ತೀನಿ” ಅನ್ನುತ್ತಾರೆ. ಬರುವುದು ಸುಡುಬಿಸಿಲಲ್ಲಿ, ಅದೂ ಧಣಿಯ ಕಾರಿನಲ್ಲಿ.

ಬೂದಿಯಿಂದ ತೊಂದರೆಯಿಲ್ಲ, ಇಲ್ಲೇ ಸುರಿಯಬಹುದು ಎಂಬ ಕಾಗದ ಸಿದ್ಧವಾಗಿತ್ತು. ರುಜು ಒಂದೇ ಬಾಕಿ. ಸಾಹೇಬರು ಗುಡ್ಡದ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಪೆನ್ನು ತೆಗೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ರುಜು ಬಿದ್ದರೆ ನನ್ನ ಮಗಳು ಮುಂದಿನ ಮಳೆಗಾಲ ದಾಟುವುದಿಲ್ಲ. ಅವಳನ್ನು ಅತ್ತೆಯ ಕೈಗಿತ್ತು ದೂರದ ರಸ್ತೆಗೆ ಕಳಿಸಿದೆ. ನೀರಿನ ಕೊಡ ಸೊಂಟಕ್ಕೇರಿಸಿಕೊಂಡು ಬಂದೆ.

“ಏನೇ ಅದು?” ಧಣಿ ಗದರಿದ.

“ಧೂಳು, ಧಣಿ. ಸಾಹೇಬ್ರ ಬೂಟು ಪಾಪ, ಹಾಳಾಗುತ್ತೆ. ಒಂಚೂರು ನೀರು ಚಿಮುಕಿಸ್ತೀನಿ.”

“ಬೇಡ್ವೇ ಮುಂಡೇದೇ!”

ಅಷ್ಟರಲ್ಲಿ ಕೊಡ ಬೋರಲಾಗಿತ್ತು. ಗುಡ್ಡ ಬುಸ್ಸೆಂದಿತು. ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಪೆನ್ನೊಂದು ಕಡೆ, ಕಾಗದವೊಂದು ಕಡೆ.

“ನಾಳೆಯಿಂದ ಕೆಲ್ಸಕ್ಕೆ ಬಂದ್ರೆ ಕಾಲ್ ಮುರೀತೀನಿ, ಲೌಡಿ!” ಧಣಿ ಕೆಮ್ಮಿನ ನಡುವೆ ಕಿರುಚಿದ.

“ಆಮೇಲೆ ಮುರಿಯೋವಂತೆ ಬಿಡು, ಮೊದ್ಲು ಉಸಿರಾಡು” ಎಂದೆ. ನನ್ನ ಕಣ್ಣಲ್ಲೂ ದಳದಳ ನೀರು. ಆದರೂ ನಗು ತಡೆಯಲಾಗಲಿಲ್ಲ.

ಸಾಹೇಬರು ತೆವಳಿಕೊಂಡೇ ಕಾರಿನ ಹತ್ತಿರ ಹೋದರು. ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡು ಕಾರಿನ ಬಾಗಿಲಿಗೆ ಅಡ್ಡ ನಿಂತಿದ್ದರು. ನನ್ನ ನಾದಿನಿ ಬಿದ್ದ ಕಾಗದವನ್ನು ಕೊಡವಿ, ಹಿಂಬದಿ ತಿರುಗಿಸಿ, ಕಾರಿನ ಮೇಲಿಟ್ಟಳು.

“ಬರೀರಿ ಸಾಹೇಬ್ರೇ.”

“ಉಸಿರು... ಉಸಿರು ಕಟ್ತಿದೆ ಕಣಮ್ಮಾ...”

“ಹೂಂ. ಅದನ್ನೇ ಬರೀರಿ.”