ಆನೆಯೋ ಒಂಟೆಯೋ

ಹತ್ತು ಚೆಸ್ ಆಟಗಾರರು, ಒಂಬತ್ತು ಸುತ್ತು. ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರ ಜೊತೆ ಒಂದೊಂದು ಆಟ ಆಡಬೇಕು. ಹತ್ತು ದೇಶಗಳಿಂದ ಬಂದ ಆ ಹತ್ತು ಜನರಲ್ಲಿ ಒಬ್ಬ ನನ್ನ ಮೈದುನ. ಪಂದ್ಯ ನಡೆಯುವ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಆಯಾ ದಿನದ ಆಟಗಳನ್ನು ನಾಲ್ಕು ಪುಟದ ಬುಲೆಟಿನ್ನಾಗಿ ಹೊರತರುವುದು ನನ್ನ ಕೆಲಸ.

ನನ್ನ ಗಂಡ ತಮ್ಮನಿಗೆ ಸೆಕೆಂಡ್ ಆಗಿದ್ದರು. ಎದುರಾಳಿಯ ಹಳೆಯ ಆಟಗಳನ್ನೆಲ್ಲ ಜಾಲಾಡಿ, ಅವನು ಕಂಡಿರದ ಹೊಸ ನಡೆ ಹುಡುಕಿಕೊಡುವವರಿಗೆ ಹಾಗೆನ್ನುತ್ತಾರೆ. ಹನ್ನೊಂದು ವರ್ಷ ಅದನ್ನೇ ಮಾಡಿದರು. ಸೆಕೆಂಡ್ ಆದವರ ಹೆಸರು ಎಲ್ಲೂ ಬರುವುದಿಲ್ಲ. ಐದು ತಿಂಗಳ ಹಿಂದೆ ತೀರಿಕೊಂಡರು.

ಆಸ್ಪತ್ರೆಯಲ್ಲೂ ನೋಟ್‌ಬುಕ್ ಬಿಡಲಿಲ್ಲ. ಕಾಯಿಗಳ ಪೂರ್ತಿ ಹೆಸರು ಬರೆಯುವ ಅಭ್ಯಾಸ ಅವರಿಗಿರಲಿಲ್ಲ: ಕುದುರೆಗೆ ಕು, ಆನೆಗೆ ಆ, ಒಂಟೆಗೆ ಒ. ಕೊನೆಯ ಪುಟಗಳಲ್ಲಿ ಕೈ ನಡುಗಿ, 'ಆ' ಯಾವುದು 'ಒ' ಯಾವುದು ಎಂದು ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಬರೆಯುವಾಗ ಪ್ಯಾಡ್ ಹಿಡಿದುಕೊಂಡಿದ್ದವಳು ನಾನು.

ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಅವರಿಗೊಂದು ನಡೆ ಸಿಕ್ಕಿತು. ಆಟದ ಹದಿನೇಳನೆಯ ನಡೆಯಲ್ಲಿ ಕುದುರೆಯನ್ನು ಸುಮ್ಮನೆ ಬಿಟ್ಟುಕೊಡುವುದು. ಕಂಪ್ಯೂಟರ್ ಮೊದಲು ಅದನ್ನು ತಪ್ಪು ಎನ್ನುತ್ತದೆ. ಅರ್ಧ ಗಂಟೆ ಬಿಟ್ಟರೆ ದಾರಿಗೆ ಬರುತ್ತದೆ.

"ಇದೂ ನಿನ್ನ ಥರಾನೇ. ನಾನು ಹೇಳಿದ್ದು ಒಪ್ಪಿಕೊಳ್ಳೋಕೆ ಅರ್ಧ ಗಂಟೆ ಬೇಕು," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಇದೊಂದಕ್ಕೆ ನನ್ನ ಹೆಸರು ಇರಲಿ ಅನ್ಸುತ್ತೆ ಕಣೇ," ಅಂದರು. ಹನ್ನೊಂದು ವರ್ಷದಲ್ಲಿ ಹಾಗೆ ಕೇಳಿದ್ದು ಅದೊಂದೇ ಸಲ.

ಅವರು ಹೋದ ಮೇಲೆ ನೋಟ್‌ಬುಕ್ಕನ್ನು ಮೈದುನನ ಕೈಗಿಟ್ಟು ಅದನ್ನೇ ಹೇಳಿದೆ. ಈ ನಡೆ ಆಡಿದ ದಿನ ಯಾರಾದರೂ ಕೇಳಿದರೆ ಅಣ್ಣನ ಹೆಸರು ಹೇಳು, ಇನ್ನೇನೂ ಬೇಡ.

"ಅತ್ತಿಗೆ, ಇದನ್ನ ನೀವು ಹೇಳಿಕೊಡಬೇಕಾ?" ಅಂದ. ಅವನ ಕಣ್ಣು ಒದ್ದೆಯಾಗಿತ್ತು. ನಂಬಿದೆ.

ಆರನೆಯ ಸುತ್ತಿನಲ್ಲಿ ಆ ನಡೆ ಆಡಿದ. ಎದುರಿಗಿದ್ದವನು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವನು. ಮೈದುನ ಕುದುರೆ ಬಿಟ್ಟುಕೊಟ್ಟ ಮೇಲೆ ಅವನು ಐವತ್ತು ನಿಮಿಷ ಯೋಚಿಸಿದ, ಇಪ್ಪತ್ತೊಂಬತ್ತನೆಯ ನಡೆಗೆ ಸೋಲೊಪ್ಪಿ ಕೈಕುಲುಕಿ ಎದ್ದುಹೋದ. ನಾನು ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಪತ್ರಕರ್ತರ ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತೆ.

ವೀಕ್ಷಕ ವಿವರಣೆ ಕೊಡುವಾತ ಕೇಳಿದ, "ಆ ಹದಿನೇಳನೇ ನಡೆ ಎಲ್ಲಿಂದ ಬಂತು ಸಾರ್?"

ಮೈದುನ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. "ಬೋರ್ಡ್ ಮುಂದೆ ಕೂತಿದ್ದಾಗ ಹೊಳೀತು."

"ಮನೆಯಲ್ಲಿ ತಯಾರಿ ಮಾಡಿದ್ದಲ್ಲ?"

"ಇಲ್ಲ ಇಲ್ಲ. ಇಂಥವೆಲ್ಲ ತಯಾರಿಯಿಂದ ಬರಲ್ಲ. ನೋಡಿ, ಅವನು ಕುದುರೆ ತಗೊಳ್ಳದೇ ಇದ್ದಿದ್ರೆ ಹೀಗೆ ಹೋಗ್ತಿದ್ದೆ, ಆಮೇಲೆ ಒಂಟೆ ಈ ಮನೆಗೆ."

ಪರದೆಯ ಮೇಲೆ ಅವನ ಬೆರಳು ಒಂಟೆಯನ್ನು ಹುಡುಕಿತು.

"ಯಾವ ಒಂಟೆ ಸಾರ್? ನಿಮ್ಮವು ಎರಡೂ ಆಗಲೇ ಸತ್ತು ಪೆಟ್ಟಿಗೆ ಸೇರಿದವಲ್ಲ."

ಎಲ್ಲರೂ ನಕ್ಕರು. ಅವನೂ ನಕ್ಕ. "ಆನೆ, ಆನೆ. ದಣಿವು ನೋಡಿ."

ನಾನು ನಗಲಿಲ್ಲ. ಆ ಸಾಲು ನೋಟ್‌ಬುಕ್ಕಿನ ಮೂವತ್ತೆಂಟನೆಯ ಪುಟದಲ್ಲಿದೆ. ನನ್ನ ಗಂಡ ಬರೆದದ್ದು 'ಆ'. ಇವನು 'ಒ' ಎಂದು ಓದಿ ಬಾಯಿಪಾಠ ಮಾಡಿದ್ದ. ಬೋರ್ಡಿನ ಮೇಲೆ ಕಾಯಿ ಇಟ್ಟು ನೋಡುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ.

ಲಿಫ್ಟಿನ ಬಳಿ ಸಿಕ್ಕ. ಕೈಯಲ್ಲಿ ಕಾಗದದ ಲೋಟ. ನನ್ನನ್ನು ನೋಡಿ ತಾನೇ ಮಾತು ತೆಗೆದ.

"ಅಣ್ಣನೇ ಬೇಡ ಅಂದಿದ್ದ, ಅತ್ತಿಗೆ."

"ಯಾವಾಗ?"

"ನಾನು ಆಸ್ಪತ್ರೆಗೆ ಬಂದಿದ್ನಲ್ಲ, ಅವಾಗ. ಹೆಸರು ಗಿಸರು ಏನೂ ಬೇಡ ಕಣೋ ಅಂದ."

"ನೀನು ಬಂದಿದ್ದು ಒಂದೇ ಸಲ, ಮೂರನೇ ದಿನ. ಅವರಿಗೆ ಈ ನಡೆ ಸಿಕ್ಕಿದ್ದು ಹನ್ನೊಂದನೇ ದಿನ."

ಲಿಫ್ಟು ಬಂತು, ಹೋಯಿತು.

"ಒಂದು ಸಲ ಹೆಸರು ಹೇಳಿದ್ರೆ ಮುಗೀತು. ನಾನು ಗೆದ್ದಿದ್ದೆಲ್ಲ ಅಣ್ಣಂದೇ ಅಂತಾರೆ."

"ಅಲ್ವಾ?"

"ಕೂತು ಆಡೋನು ನಾನು ಅತ್ತಿಗೆ. ಗಡಿಯಾರ ಓಡ್ತಿರುತ್ತಲ್ಲ, ಅವಾಗ ಅಣ್ಣ ಬರ್ತಿದ್ನಾ?"

"ನೋಟ್‌ಬುಕ್ ಕೊಡು."

ತಕರಾರಿಲ್ಲದೆ ಚೀಲದಿಂದ ತೆಗೆದು ಕೊಟ್ಟ. "ನೀವೇ ಇಟ್ಕೊಳ್ಳಿ, ನೆನಪಿಗಿರುತ್ತೆ. ಎಲ್ಲಾ ಪುಟದ್ದೂ ಫೋಟೋ ತೆಗೆದಿಟ್ಕೊಂಡಿದ್ದೀನಿ."

ಬುಲೆಟಿನ್ನಿನ ಮುಖ್ಯಸ್ಥರನ್ನು ನಾವು ಅಲ್ಪವಿರಾಮ ಎನ್ನುತ್ತೇವೆ. ಅದೊಂದನ್ನು ಬಿಟ್ಟು ಬೇರೆ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ. ಹದಿನೇಳನೆಯ ನಡೆಯ ಕೆಳಗೆ ನನ್ನ ಗಂಡನ ಹೆಸರು ಸೇರಿಸಿದ್ದೆ. ಅವರು ಅದರ ಮೇಲೆ ಗೆರೆ ಎಳೆದರು. "ಆಟಗಾರ ಹೇಳಿದ್ದಷ್ಟೇ ಹಾಕಮ್ಮ. ಮನೆ ಮಾತು ಮನೇಲಿರಲಿ." 'ಬೋರ್ಡ್ ಮುಂದೆ ಹೊಳೆಯಿತು' ಎಂದು ಟೈಪ್ ಮಾಡಿದೆ. ಇನ್ನೂರು ಪ್ರತಿ ಮುದ್ರಿಸಿದೆವು.

ಮರುದಿನದ ಆಟ ಮೂರು ಗಂಟೆಗೆ. ಒಂದೂವರೆಗೆ ನನ್ನ ಫೋನಿಗೆ ಚಿತ್ರವೊಂದು ಬಂತು: ನಲವತ್ತೊಂದನೆಯ ಪುಟ, ಅಂಚಿನಲ್ಲಿ ಮೈದುನನ ಹೆಬ್ಬೆರಳು. ಕೆಳಗೆ, "ಅತ್ತಿಗೆ, ನಾಲ್ಕನೇ ಸಾಲು, ಹದಿನೈದನೇ ನಡೆ. ಆನೆಯಾ ಒಂಟೆಯಾ? ಆ ಮನೆಗೆ ಎರಡೂ ಹೋಗುತ್ತೆ. ಕಂಪ್ಯೂಟರ್ ಎರಡನ್ನೂ ಬೇಡ ಅಂತಿದೆ. ಬೇಗ ಹೇಳಿ."

ನಿನ್ನೆ ಏನೂ ನಡೆದೇ ಇಲ್ಲ ಎಂಬಂತೆ ಕೇಳಿದ್ದ. ಅದು ಯಾವುದೆಂದು ನನಗೆ ಗೊತ್ತಿತ್ತು. ತಪ್ಪು ಹೇಳುವುದು ಸುಲಭವಿತ್ತು. ಆಗ ಸೋಲುವುದು ನನ್ನ ಗಂಡನ ನಡೆ.

"ಇವತ್ತು ಮೈಕಿನ ಮುಂದೆ ಅವರ ಹೆಸರು ಹೇಳ್ತೀಯಾ? ಹೇಳ್ತೀನಿ ಅಂದ್ರೆ ಓದಿ ಹೇಳ್ತೀನಿ," ಎಂದು ಬರೆದೆ.

ನೋಡಿದ. ಏನೋ ಬರೆಯುತ್ತಿದ್ದಾನೆ ಎಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಎರಡೂಮುಕ್ಕಾಲಿಗೆ ಆಟಗಾರರು ಫೋನನ್ನು ಬಾಗಿಲಲ್ಲೇ ಒಪ್ಪಿಸಬೇಕು. ಅಲ್ಲಿಯವರೆಗೆ ಕಾದೆ.

ಕೋಣೆಯ ಪರದೆಯಲ್ಲಿ ಅವನ ಆಟ ನೋಡುತ್ತ ಕೂತೆ. ಹದಿನಾಲ್ಕು ನಡೆ ನಲವತ್ತೊಂದನೆಯ ಪುಟದಲ್ಲಿದ್ದ ಹಾಗೆಯೇ ಬಂತು. ಹದಿನೈದನೆಯದಕ್ಕೆ ನಿಂತ. ಕ್ಯಾಮೆರಾದಲ್ಲಿ ಅವನ ನೆತ್ತಿ ಮಾತ್ರ ಕಾಣುತ್ತಿತ್ತು, ಅಣ್ಣನದರಂತೆಯೇ ಎರಡು ಸುಳಿ. ನಲವತ್ತು ನಿಮಿಷವಾದ ಮೇಲೂ ಅವನು ಆನೆಯನ್ನೂ ಮುಟ್ಟಲಿಲ್ಲ, ಒಂಟೆಯನ್ನೂ ಮುಟ್ಟಲಿಲ್ಲ. ಬದಿಯ ಕಾಲಾಳನ್ನು ಒಂದು ಮನೆ ತಳ್ಳಿ, ಡ್ರಾ ಕೇಳಿದ. ಎದುರಾಳಿ ಒಡನೆ ಕೈ ಚಾಚಿದ.

"ಗೆದ್ದಿದ್ರೆ ಒಬ್ಬನೇ ಮುಂದಿರ್ತಿದ್ದ," ಅಂದರು ಅಲ್ಪವಿರಾಮ. "ಏನಾಯ್ತಮ್ಮ ನಿನ್ನ ಮೈದುನನಿಗೆ?"

ಮೇಲೆ ಪತ್ರಕರ್ತರು ಅದನ್ನೇ ಕೇಳಿದಾಗ ತಲೆನೋವು ಎಂದಿದ್ದನಂತೆ. ಹೆಸರು ಹೇಳುವುದಕ್ಕಿಂತ ಗೆಲ್ಲದೆ ಇರುವುದು ಅವನಿಗೆ ಸುಲಭವಾಗಿತ್ತು. ಹನ್ನೊಂದು ವರ್ಷ ಅವನು ನಮ್ಮ ಮನೆಯಲ್ಲಿ ಉಂಡಿದ್ದ. ಇಷ್ಟು ದೂರ ಹೋಗುತ್ತಾನೆಂದು ನನಗೆ ಗೊತ್ತಿರಲಿಲ್ಲ.

"ತಲೆನೋವಂತೆ," ಎಂದು ಹೇಳಿ, ಟೈಪ್ ಮಾಡತೊಡಗಿದೆ.