ವೈಪರಿಗೆ ಹಚ್ಚಿದ ಕೊಬ್ಬು

ಮಗಳು ಉಯಾಂಗಾಗೆ ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಗೋಬಿ ಮರುಭೂಮಿಯ ಅಂಚಿನ ನಮ್ಮ ಗುಡಾರದಿಂದ ಆಸ್ಪತ್ರೆ ಎಂಬತ್ತು ಕಿಲೋಮೀಟರ್. ಹೊರಗೆ ಒದ್ದೆ ಹಿಮ ಬೀಳುತ್ತಿತ್ತು. ಹಳೆಯ ರಷ್ಯನ್ ಜೀಪಿನ ವೈಪರ್ ಅರ್ಧ ಗಾಜಿಗೆ ತೆವಳಿ ನಿಂತುಬಿಡುತ್ತಿತ್ತು.

ನನ್ನ ಗಂಡ ದಮ್ದಿನ್ ವೈಪರಿನ ಮೋಟಾರು ಬಿಚ್ಚಿದ. ಹಲ್ಲುಚಕ್ರಗಳ ತುಂಬ ಬಿಳಿಯ ಮೇಣದಂಥದ್ದು ಗಟ್ಟಿಯಾಗಿ ಕೂತಿತ್ತು.

“ಇದೇನೇ ಮಾರಾಯ್ತಿ, ಕುರಿ ಬಾಲದ ಕೊಬ್ಬು ಹಚ್ಚಿದ್ಯಾ?”

“ಬೇಸಿಗೇಲಿ ಕಿರ್ರ್ ಅಂತಿತ್ತಲ್ಲ. ಬೂಟಿಗೂ ಗಾಡಿ ಅಚ್ಚಿಗೂ ಅದನ್ನೇ ತಾನೇ ಹಚ್ಚೋದು?”

“ಚಳಿಗೆ ಕಲ್ಲಾಗುತ್ತೆ ಅಂತ ದಿನಾ ಮಾಂಸದ ಸಾರು ಕುದಿಸೋಳಿಗೆ ಗೊತ್ತಾಗ್ಲಿಲ್ವಾ?”

ಅವನು ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು ಜೋಡಿಸಿದ. ವೈಪರ್ ಎರಡು ಸಲ ಚುರುಕಾಗಿ ಆಡಿತು, ಆಮೇಲೆ ಸುಟ್ಟ ವಾಸನೆ ಬಂತು. ಕೊಬ್ಬಿನೊಡನೆ ಗುದ್ದಾಡಿ ಮೋಟಾರು ಆಗಲೇ ಸೋತಿತ್ತು.

“ಅಮ್ಮಾ, ಹೊರಡೋಣ,” ಎಂದು ಉಯಾಂಗಾ ನರಳಿದಳು.

ವೈಪರಿನ ಕಡ್ಡಿಗೆ ಹಗ್ಗ ಕಟ್ಟಿ, ಎರಡು ತುದಿಗಳನ್ನೂ ಕಿಟಕಿಗಳಿಂದ ಒಳಗೆ ತಂದೆವು. ದಮ್ದಿನ್ ಓಡಿಸಿದ, ನಾನು ಆ ಕಡೆ ಈ ಕಡೆ ಎಳೆಯುತ್ತ ಕೂತೆ. ಅರ್ಧ ದಾರಿಯಲ್ಲಿ ಹಿಂದಿನ ಸೀಟಿನ ನರಳಾಟ ನಿಂತಿತು. ತಿರುಗಿ ನೋಡಬೇಕಾದರೆ ಹಗ್ಗ ಬಿಡಬೇಕಿತ್ತು. ನಾನು ಎಳೆಯುತ್ತಲೇ ಇದ್ದೆ.