ಚರಂಡಿಗೆ ಸುರಿದ ಬ್ಲೀಚು

ಚರಂಡಿ ಮತ್ತೆ ನಾರುತ್ತಿತ್ತು. ಮೂಗು ಮುಚ್ಚಿಕೊಂಡು ಸಹಿಸುವ ನಾತವಲ್ಲ, ಕೊಳೆತ ಮೊಟ್ಟೆಯದು! ಇಸ್ತ್ರಿ ಮಾಡುತ್ತಿದ್ದ ಲಾಂಡ್ರಿಯವಳು ಪೆಟ್ಟಿಗೆಯನ್ನು ಬದಿಗಿಟ್ಟಳು. ಹೋದ ವಾರವಷ್ಟೇ ಅವಳ ಮೊಮ್ಮಗಳು ವಾಂತಿಭೇದಿಯಾಗಿ ಸಾವಿನ ಬಾಯಿಂದ ಪಾರಾಗಿ ಬಂದಿದ್ದಳು. ಮಗಳ ಮನೆ ಇರುವುದು ಕೆಳಗಿನ ಬೀದಿಯಲ್ಲಿ. ಅಲ್ಲಿನವರು ಕುಡಿಯುವುದು ಕೆರೆ ಪಕ್ಕದ ಬಾವಿಯ ನೀರು. ಊರಿನ ಕೊಳಚೆ ಶುದ್ಧವಾಗಿ ಸೇರುವುದೂ ಅದೇ ಕೆರೆಗೆ.

ಅವಳು ಬಟ್ಟೆ ಬಿಳಿ ಮಾಡುವ ಬ್ಲೀಚಿನ ಕ್ಯಾನನ್ನು ಚರಂಡಿಯತ್ತ ಎಳೆದಳು. ಅಷ್ಟರಲ್ಲಿ ನಾದಿನಿ ಏದುಸಿರು ಬಿಡುತ್ತ ಓಡಿಬಂದಳು. ಊರಾಚೆಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಅವಳಿಗೆ ಕೆಲಸ.

"ಅತ್ತಿಗೆ, ತಡೀರಿ! ಅದನ್ನ ಎಲ್ಲಿಗೆ ಸುರೀತೀರಿ?"

"ಚರಂಡಿಗೆ ಕಣೇ. ವಾರದಿಂದ ದಿನಾ ಸುರೀತಿದೀನಿ. ನಿನ್ನ ಅರ್ಧ ಕೆಲಸ ನಾನೇ ಮಾಡ್ತಿದೀನಿ, ಸಂಬಳದಲ್ಲಿ ಪಾಲು ಕೊಡು! ಬೀದಿಯವರಿಗೆಲ್ಲ ಬಾಟಲಿ ತುಂಬಿ ಹಂಚಿದೀನಿ. ಕ್ರಿಮಿಗಳೆಲ್ಲ ಸಾಯ್ಲಿ."

ನಾದಿನಿ ಹಣೆ ಚಚ್ಚಿಕೊಂಡಳು. "ಸತ್ತೇ ಹೋದ್ವು ಅತ್ತಿಗೆ! ನಮ್ಮ ತೊಟ್ಟಿಯಲ್ಲಿ ಕೊಳೆ ತಿಂದು ನೀರು ತಿಳಿ ಮಾಡೋದೇ ಕಣ್ಣಿಗೆ ಕಾಣದ ಜೀವಿಗಳು."

"ಕ್ರಿಮಿಗಳನ್ನ ಸಾಕ್ತೀರಾ? ಕ್ರಿಮಿಯಿಂದ ತಾನೇ ನನ್ನ ಕೂಸು ಹಾಸಿಗೆ ಹಿಡಿದದ್ದು? ನನ್ನ ಕಿವಿಗೆ ಹೂ ಇಡಬೇಡ."

"ರೋಗ ತರೋವು ಬೇರೆ, ಕೊಳೆ ತಿನ್ನೋವು ಬೇರೆ. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅದರಲ್ಲೂ ಜೀವಿಗಳೇ ಇರೋದು. ಆ ಹಾಲಿಗೆ ಬ್ಲೀಚು ಸುರಿದ್ರೆ ಮೊಸರಾಗುತ್ತಾ?"

ಲಾಂಡ್ರಿಯವಳು ಕ್ಯಾನನ್ನು ಹಿಂದಕ್ಕೆ ಎಳೆದಳು.

"ಈಗೇನೇ ಗತಿ?"

"ತಿಳಿಯಾಗದ ನೀರನ್ನ ಹೊರಗೆ ಬಿಡದೆ ತಡೆದಿದೀವಿ, ತೊಟ್ಟಿ ತುಂಬ್ತಾ ಇದೆ. ಉಕ್ಕಿದ್ರೆ ಕೊಳಚೆ ಸೀದಾ ಕೆರೆಗೆ. ಪಕ್ಕದೂರಿನ ಘಟಕದಿಂದ ಜೀವಿಗಳಿರೋ ಕೆಸರು ತರಿಸ್ತಿದೀವಿ, ಆದ್ರೆ ಅವು ಬೆಳೆಯೋಕೆ ಸಮಯ ಬೇಕು. ಅಲ್ಲೀವರೆಗೆ ಬ್ಲೀಚು ಬೇಡವೇ ಬೇಡ, ನೀರೂ ಕಡಿಮೆ ಬಿಡಿ. ಕೆಳಗಿನ ಬೀದಿಯವರು ಕುದಿಸದೆ ಒಂದು ತೊಟ್ಟೂ ಕುಡೀಬಾರದು."

ಮೂಲೆಯಲ್ಲಿ ಲಾಡ್ಜಿನ ಹಾಸಿಗೆ ಬಟ್ಟೆಗಳು ರಾಶಿ ಬಿದ್ದಿದ್ದವು. ಬೆಳಗಾದರೆ ಕೊಡಬೇಕು. ಲಾಂಡ್ರಿಯವಳು ಅತ್ತ ನೋಡಲಿಲ್ಲ. ನಲ್ಲಿ ನಿಲ್ಲಿಸಿ, ಅಂಗಡಿ ಬಾಗಿಲು ಎಳೆದಳು. ಮನೆ ಮನೆಗೆ ಹೋಗಿ ಬಾಟಲಿ ವಾಪಸು ಕೇಳಿದಳು, ನೀರು ಕಡಿಮೆ ಬಳಸಿ ಎಂದಳು.

"ನೀನೇ ಕೊಟ್ಟು ನೀನೇ ಕಿತ್ಕೋತೀಯಲ್ಲಮ್ಮ!" ಎಂದು ಕ್ಷೌರದವನು ನಕ್ಕ.

"ಬುದ್ಧಿಗೆ ಮಂಕು ಕವಿದಿತ್ತಪ್ಪ, ಕೊಡು ಬೇಗ!"

ಅವಳು ಮಗಳ ಮನೆ ಮುಟ್ಟಿದಾಗ ಮೊಮ್ಮಗಳು ಲೋಟ ತುಟಿಗೆ ಇಟ್ಟಿದ್ದಳು.

"ಬೇಡ ಕಂದಾ!" ಲೋಟ ಕಿತ್ತುಕೊಂಡಳು. "ಇದು ಕುದಿಸಿದ್ದೇನೇ?"

"ಈಗ ತಾನೇ ಸೇದಿದ್ದಮ್ಮ," ಎಂದಳು ಮಗಳು, ಗಾಬರಿಯಿಂದ.

ಅಜ್ಜಿ ಲೋಟವನ್ನು ಬೆಳಕಿಗೆ ಹಿಡಿದಳು. ಲೋಟದ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ತಾನು ಸುರಿದದ್ದರ ಫಲ ಈ ಲೋಟಕ್ಕೆ ಬಂದಿದೆಯೋ ಇಲ್ಲವೋ, ನೋಡಿ ಹೇಳುವ ಹಾಗಿರಲಿಲ್ಲ. ಪಾತ್ರೆಯನ್ನು ಒಲೆಗಿಟ್ಟು, ನೀರು ಕುದ್ದು ಆರುವ ತನಕ ಮಗುವನ್ನು ಮಡಿಲಿಂದ ಇಳಿಸಲಿಲ್ಲ.

ಹೊಸ ಜೀವಿಗಳು ಬೆಳೆಯುವಷ್ಟರಲ್ಲಿ ಘಟಕದ ತೊಟ್ಟಿ ಅಂಚಿನವರೆಗೆ ಬಂದಿತ್ತು, ಆದರೆ ಉಕ್ಕಲಿಲ್ಲ. ಬೀದಿಯವರೆಲ್ಲ ನೀರು ಕಡಿಮೆ ಬಳಸಿದ್ದಕ್ಕೆ ಅಷ್ಟಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನೆಲ ಒರೆಸಲು ಒಂದು ಮುಚ್ಚಳ ಬಳಸುವುದು ಬೇರೆ, ಕ್ಯಾನುಗಟ್ಟಲೆ ಚರಂಡಿಗೆ ಸುರಿಯುವುದು ಬೇರೆ. ಬ್ಲೀಚು, ಆಸಿಡ್, ಬಣ್ಣ, ಹಳೆಯ ಔಷಧಿ ಯಾವುದನ್ನೂ ಚರಂಡಿಗೆ ಚೆಲ್ಲಬೇಡಿ. ನಾತ ಬಂದರೆ ಮೊದಲು ಘಟಕದವರಿಗೆ ತಿಳಿಸಿ. ನೀವು ಚೆಲ್ಲಿದ್ದು ಕೆಳಗಿನ ಬೀದಿಯ ಯಾವ ಮಗುವಿನ ಲೋಟಕ್ಕೂ ಸೇರದಿರಲಿ.